ಎಂಬತ್ತು ಸರಪಳಿ ದೂರ

“ಈ ನೀರಾಗ ಆ ಮನಷ್ಯಾ ಕಾಲು ಎಲ್ಲಿ ಇಟ್ಟಿದ್ದಾನು?”

ಬಸಲಿಂಗಪ್ಪನವರು ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಕೋಲ್ಡ್‌ಶಿನ್ ಹೊಳೆ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಇಳಿಯುತ್ತಿತ್ತು. ಅದರ ಹಿಂದೆ ನಾರ್ತ್ ಕ್ಯಾರೊಲೈನಾದ ಪಶ್ಚಿಮದ ಬೆಟ್ಟಗಳು, ಒಂದರ ಹೆಗಲ ಮೇಲೊಂದು. ಅವರು ವಿಚಾರಿಸುತ್ತಿದ್ದ ಮನುಷ್ಯ ಸತ್ತು ನೂರು ವರ್ಷದ ಮೇಲಾಗಿತ್ತು. ಅವನೊಬ್ಬ ಸರ್ವೇಯರ್. 1820ರಲ್ಲಿ ಇದೇ ದಂಡೆಯಲ್ಲಿ ನಿಂತು ಅಳತೆ ಶುರುಮಾಡಿದ್ದ.

ಅವನ ಟಿಪ್ಪಣಿ ಪುಸ್ತಕದ ಒಂದು ಪುಟದ ನಕಲು ಮೈಥಿಲಿಯ ಕೈಯಲ್ಲಿತ್ತು. ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಳು. ಮೈಸೂರಿನವಳಾದ ಮೈಥಿಲಿ ವಾಷಿಂಗ್ಟನ್ನಿನ ಒಂದು ಗ್ರಂಥಾಲಯದ ನಕ್ಷೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಆಗಸ್ಟಿನಲ್ಲಿ ಒಂದು ದಿನ ಎಟ್ಟಾ ಸ್ವಿಮ್ಮರ್ ಎಂಬ ಅರವತ್ತೆಂಟು ವರ್ಷದ, ಆ ಬೆಟ್ಟಗಳ ಮೂಲನಿವಾಸಿ ಚೆರೋಕೀ ಜನಾಂಗದ ಹೆಂಗಸು, ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ಬಂದು, ಅವಳ ಮೇಜಿನ ಎದುರು ನಿಂತು ಒಂದೇ ಮಾತು ಕೇಳಿದ್ದರು. “ನಮ್ಮವರನ್ನು ಹೂಳಿದ ಜಾಗ ನಿಮ್ಮ ಯಾವುದಾದರೂ ಕಾಗದದಲ್ಲಿ ಇದೆಯೇ?”

ಇತ್ತು. ಹುಡುಕಲು ಆರು ವಾರ ಹಿಡಿಯಿತು.

ಆ ಜಾಗದ ಕಾಡನ್ನು ಮರದ ಕಂಪನಿಯೊಂದು ಕೊಂಡಿತ್ತು. ಸೋಮವಾರ ಬೆಳಿಗ್ಗೆ ಬುಲ್ಡೋಜರುಗಳು ಏರಿ ಬಂದು ದಾರಿ ಕಡಿಯುವುದೆಂದು ನಿಶ್ಚಯವಾಗಿತ್ತು. ಸಮಾಧಿಗಳು ಎಲ್ಲಿವೆಯೆಂದು ಅಳತೆ ಸಮೇತ ತೋರಿಸಿದರೆ ಮಾತ್ರ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಯಂತ್ರ ನಿಲ್ಲಿಸುತ್ತಿದ್ದರು. ಭಾನುವಾರ ಸಂಜೆ ಐದಕ್ಕೆ ಸೇತುವೆಯ ಬಳಿ ಕೌಂಟಿ ಪೊಲೀಸಿನ ಡೆಪ್ಯುಟಿಯೊಬ್ಬ ಕಾಯುತ್ತಾನೆ. ಐದೂ ಐದಕ್ಕೆ ಹೊರಟುಬಿಡುತ್ತಾನೆ.

ಸುತ್ತಲಿನ ಸರ್ವೇಯರುಗಳೆಲ್ಲ ಮರದ ಕಂಪನಿಗಳ ಕೆಲಸ ಮಾಡುವವರು. ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಮೈಥಿಲಿಯ ತಮ್ಮ, ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಎರಡೇ ಅಂಕಿಯಲ್ಲಿ ಬರೆದ ಇಸವಿಗಳನ್ನು ಹುಡುಕಿ ತಿದ್ದುವ ಕೆಲಸದ ಹರಿಪ್ರಸಾದ, ತನ್ನ ನೆರೆಮನೆಯವರ ಹೆಸರು ಹೇಳಿದ. ಗದಗಿನ ಬಸಲಿಂಗಪ್ಪನವರಿಗೆ ಐವತ್ತಾರು ವರ್ಷ. ಸರ್ವೇ ಇಲಾಖೆಯಲ್ಲಿ ಇಪ್ಪತ್ತು ವರ್ಷ ದುಡಿದು, ಈಗ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸಿನಲ್ಲಿ ಒಂದು ಸಣ್ಣ ಕಂಪನಿಗೆ ಜಾಗ ಅಳೆದುಕೊಡುತ್ತಿದ್ದರು. ಹೆಚ್ಚು ಮಾತಿಲ್ಲದವರು. ವಿಷಯ ಕೇಳಿ, ಕೊರಳಲ್ಲಿದ್ದ ಲಿಂಗದ ಮೇಲೆ ಕೈಯಿಟ್ಟು, “ಹೋಗೂಣು” ಎಂದಷ್ಟೇ ಹೇಳಿದ್ದರು.

ಈಗ ಶನಿವಾರ, ಹನ್ನೊಂದು ಗಂಟೆ. 1997ರ ಅಕ್ಟೋಬರ್.

“ಓದವ್ವಾ ಇನ್ನೊಮ್ಮೆ,” ಎಂದರು ಬಸಲಿಂಗಪ್ಪ.

ಮೈಥಿಲಿ ಕನ್ನಡದಲ್ಲೇ ಓದಿ ಹೇಳಿದಳು. “ಕವಲುಬಂಡೆಯಿಂದ ಎಡದಂಡೆ ಹಿಡಿದು ಮೇಲಕ್ಕೆ. ಅರವತ್ತು ಸರಪಳಿಗೆ ಎರಡು ಬಂಡೆಗಳ ನಡುವೆ ಹೊಳೆ, ಅಗಲ ಅರ್ಧ ಸರಪಳಿ. ಅಲ್ಲಿ ದಾಟಿದೆವು. ಬಲದಂಡೆಯಲ್ಲಿ, ಒಟ್ಟು ಎಂಬತ್ತು ಸರಪಳಿಗೆ, ಶಿಲುಬೆ ಕೊರೆದ ಕಲ್ಲು. ಪಕ್ಕದಲ್ಲಿ ಇಂಡಿಯನ್ನರ ಐದು ಸಮಾಧಿಗಳು.”

ಹರಿಪ್ರಸಾದ ತನ್ನ ಹೊಸ ಜಿಪಿಎಸ್ ಪೆಟ್ಟಿಗೆಯನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ. “ಅಂಕಲ್, ಸ್ಯಾಟಲೈಟ್ ಸಿಗ್ತಾ ಇಲ್ಲ. ಸಿಕ್ಕಿದ್ರೂ ಮುನ್ನೂರು ಅಡಿ ಆ ಕಡೆ ಈ ಕಡೆ ತೋರಿಸತ್ತೆ.”

“ಚೀಲದಾಗ ಇಡು ತಮ್ಮಾ. ಅಂವಾ ಹೆಂಗ ಅಳದಾನೋ ನಾವೂ ಹಂಗ ಅಳಿಯೂಣು.”

ಬಸಲಿಂಗಪ್ಪ ಗೋಣಿಚೀಲ ಬಿಚ್ಚಿದರು. ಒಳಗಿನಿಂದ ಹಳೆಯ ಕಬ್ಬಿಣದ ಸರಪಳಿ ಗಲಗಲ ಎನ್ನುತ್ತ ಹೊರಬಂತು. ಎರಡು ತುದಿಗೂ ಹಿತ್ತಾಳೆಯ ಹಿಡಿ, ನಡುವೆ ಆಣೆ ಎಂದು ಕರೆಯುವ ಹದಿನಾರು ಭಾಗ. ಅವರ ತಂದೆ ಸರ್ವೇ ಕಚೇರಿಯಲ್ಲಿ ಸರಪಳಿ ಎಳೆಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಉಳಿದದ್ದು ಇದೊಂದೇ. ಅದನ್ನು ವಿಮಾನದಲ್ಲಿ ಹೊತ್ತು ತಂದಾಗ ಹೆಂಡತಿ ಗೌರಾಬಾಯಿ, “ಮಂದಿ ಬಂಗಾರ ತರತಾರ, ನೀವು ಕಬ್ಬಿಣದ ಹಾವು ತಂದೀರಿ” ಎಂದು ನಕ್ಕಿದ್ದರು. ಇಲ್ಲಿಗೆ ಬಂದ ಮೇಲೆ ಅದು ಚೀಲದಿಂದ ಹೊರಬಂದಿರಲಿಲ್ಲ. ಇಲ್ಲಿ ಎಲ್ಲವೂ ಬೆಳಕಿನ ಕಿರಣದ ಯಂತ್ರ, ಎಲ್ಲವೂ ಅಡಿಯ ಲೆಕ್ಕ.

ಹರಿ ಮುಂದಿನ ಹಿಡಿ ಹಿಡಿದ. ಬಸಲಿಂಗಪ್ಪ ಹಿಂದಿನದನ್ನು ಕವಲುಬಂಡೆಗೆ ಒತ್ತಿ ನಿಂತರು.

“ಒಂದು ಮಾತು ನೆನಪಿಟ್ಕೊ. ಬಿದ್ರೂ ಹಿಡಿ ಬಿಡಬಾರದು. ಬಿಟ್ಟರ ಲೆಕ್ಕ ಹೋತು.”

“ಸರಿ ಅಂಕಲ್. ಬಿದ್ರೆ ಫೋಟೋ ತೆಗಿ ಅಕ್ಕ.”

ಸರಪಳಿ ಬಿಗಿಯಾಯಿತು. “ಲಾಭಾ…” ಎಂದು ಬಸಲಿಂಗಪ್ಪ ಎಣಿಕೆ ಶುರುಮಾಡಿದರು. ಕಣದಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನದೆ ಹಾಗೇ ಅನ್ನುವುದು. “ಎರಡಾ… ಮೂರಾ…” ರಾಗವಾಗಿ ಎಳೆದ ಆ ದನಿ ಹೊಳೆಯ ಸದ್ದಿನ ಮೇಲೆ ತೇಲಿತು. ಮುಂದೆ ಎಟ್ಟಾ ಕತ್ತಿಯಿಂದ ಪೊದೆ ಸವರುತ್ತ ನಡೆದರು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಅವರ ತೋಳುಗಳು ಇನ್ನೂ ಗಟ್ಟಿಯಾಗಿದ್ದವು.

ಆ ಕಾಡಿನಲ್ಲಿ ದಾರಿಯೆಂಬುದಿರಲಿಲ್ಲ. ಹೊಳೆಯ ಎರಡೂ ಬದಿಗೆ ರೋಡೊಡೆಂಡ್ರನ್ ಪೊದೆಗಳು ಆಳೆತ್ತರಕ್ಕೆ ಹೆಣೆದುಕೊಂಡಿದ್ದವು. ಕೊಂಬೆಗಳು ಮೇಲಕ್ಕೆ ಹೋಗುವುದನ್ನು ಮರೆತು ಅಡ್ಡಡ್ಡ ಹರಡಿ, ಒಂದರೊಳಗೊಂದು ಸಿಕ್ಕಿಕೊಂಡು, ಮತ್ತೆ ನೆಲಕ್ಕೆ ಬಾಗಿದ್ದವು. ಅಲ್ಲಿನ ಬೇಟೆಗಾರರು ಇಂಥ ಜಾಗಕ್ಕೆ ನರಕ ಎಂದೇ ಹೆಸರಿಟ್ಟಿದ್ದರು. ಬೆಟ್ಟದ ಮೇಲ್ಮಗ್ಗುಲಲ್ಲಿ ಮೇಪಲ್ ಮರಗಳು ಕೆಂಪಾಗಿ ಉರಿಯುತ್ತಿದ್ದರೆ, ಕಣಿವೆಯ ತಳಕ್ಕೆ ಬಿಸಿಲು ಬೀಳುತ್ತಿದ್ದುದು ನಡುಹಗಲಿನ ಒಂದೆರಡು ಗಂಟೆ ಮಾತ್ರ. ಉಳಿದಂತೆ ಹಸಿರು ಕತ್ತಲೆ, ಪಾಚಿಯ ವಾಸನೆ, ಎಡೆಬಿಡದ ನೀರಿನ ಸದ್ದು.

ಕೆಲವೆಡೆ ಮೊಣಕಾಲೂರಿ ತೆವಳಬೇಕಾಯಿತು. ಒಂದು ಕಡೆ ಹರಿ ಕೈಯಿಡಲು ಹೊರಟ ಕಲ್ಲಿನ ಮೇಲೆ ತಾಮ್ರದ ಬಣ್ಣದ ಹಾವು ಸುತ್ತಿಕೊಂಡಿತ್ತು.

“ಅಲ್ಲಾಡಬೇಡ,” ಎಂದರು ಎಟ್ಟಾ ಮೆಲ್ಲನೆ.

ಹರಿಯ ಕೈ ಗಾಳಿಯಲ್ಲೇ ನಿಂತಿತು. ಹಾವು ನಿಧಾನವಾಗಿ ಸುರುಳಿ ಬಿಚ್ಚಿ ಎಲೆಯಡಿಗೆ ಜಾರಿತು.

“ವಾಪಸ್ ಆಫೀಸ್‌ಗೆ ಹೋಗಿ ಎರಡು ಸಾವಿರ ಇಸವಿ ಪ್ರಾಬ್ಲಮ್ ಫಿಕ್ಸ್ ಮಾಡ್ತೀನಿ ಅಂಕಲ್. ಅಲ್ಲಿ ಬರೀ ಎರಡಂಕಿ ವರ್ಷ ಕಚ್ಚತ್ತೆ,” ಎಂದ ಹರಿ. ಹಿಡಿ ಮಾತ್ರ ಕೈಯಲ್ಲೇ ಇತ್ತು.

ಅರವತ್ತನೆಯ ಸರಪಳಿ ಮುಗಿದಾಗ ಎಲ್ಲರೂ ತಲೆಯೆತ್ತಿದರು. ಬಂಡೆಗಳಿರಲಿಲ್ಲ. ಹೊಳೆ ಅಗಲವಾಗಿ, ಮೊಣಕಾಲಾಳದಲ್ಲಿ ಹರಡಿಕೊಂಡಿತ್ತು.

ಬಸಲಿಂಗಪ್ಪ ಹುಬ್ಬು ಗಂಟಿಕ್ಕಿದರು. ಎಟ್ಟಾ ಹೇಳಿದರು, “ನನ್ನ ತಾತನ ಕಾಲದಲ್ಲಿ ಮರ ತೇಲಿಸುವವರು ಡೈನಮೈಟ್ ಇಟ್ಟು ಈ ಹೊಳೆಯ ಬಂಡೆಗಳನ್ನು ಒಡೆದರು.”

ಆ ಮಾತು ಎಲ್ಲರಿಗೂ ಸಮಾಧಾನ ಕೊಟ್ಟಿತು. ನೀರಿಗಿಳಿದು ದಾಟಿದರು. ಬಲದಂಡೆಯಲ್ಲಿ ಎಂಬತ್ತು ಎಣಿಸಿ, ಅಲ್ಲಿನ ಕೊಂಬೆಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿದರು. ಅಲ್ಲಿಂದ ಸುತ್ತಲೂ ಹುಡುಕತೊಡಗಿದರು. ಎಲೆ ಗುಡಿಸಿದರು. ಪಾಚಿ ಕೆರೆದರು. ಸಿಕ್ಕಿದ ಪ್ರತಿ ಕಲ್ಲನ್ನೂ ಕೈಯಿಂದ ತಡವಿ ನೋಡಿದರು. ಇನ್ನೂ ಎಂಟು ರಿಬ್ಬನ್ ಕಟ್ಟಿದರು.

ಏನೂ ಸಿಗಲಿಲ್ಲ.

ಬಿಸಿಲು ಹೋದ ಮೇಲೆ ಮತ್ತೆ ಎಡದಂಡೆಗೆ ಬಂದು ಸಮತಟ್ಟಾದ ಒಂದಿಷ್ಟು ಜಾಗದಲ್ಲಿ ಡೇರೆ ಹಾಕಿದರು. ಗೌರಾಬಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರೂ ಯಾರೂ ಕೂತು ತಿನ್ನಲಿಲ್ಲ. ಮೈಥಿಲಿ ನಿಂತೇ ಮುರಿದು ಬಾಯಿಗಿಟ್ಟಳು. ಹರಿ ಸುಮ್ಮನೆ ಕಲ್ಲು ಎತ್ತಿ ನೀರಿಗೆ ಎಸೆಯುತ್ತಿದ್ದ.

“ಐದು ಮ್ಯಾಪ್ ನೋಡಿದೀನಿ ಅಂಕಲ್,” ಎಂದಳು ಮೈಥಿಲಿ. “ಸ್ಪ್ಯಾನಿಷ್ ಅವರದೊಂದು, ಫ್ರೆಂಚ್ ಅವರದೊಂದು, ಮಿಕ್ಕಿದ್ದು ಇಂಗ್ಲಿಷ್ ಅವರದು. ಒಂದೇ ನದಿಗೆ ಐದು ಹೆಸರು. ಬಂದವರೆಲ್ಲ ಹೊಸದಾಗಿ ಹೆಸರಿಟ್ಟು ನಮ್ಮದು ಅಂದ್ರು. ಎಟ್ಟಾ ಅವರ ಜನ ಇಟ್ಟಿದ್ದ ಹೆಸರು ಒಂದರಲ್ಲೂ ಇಲ್ಲ.”

“ನಮ್ಮ ಕಡೆನೂ ಇಂಗ್ಲಿಷರ ಸರಪಳಿನ ಮೊದಲ ಬಂದದ್ದು,” ಎಂದರು ಬಸಲಿಂಗಪ್ಪ. “ಅಳದರು, ಕಲ್ಲು ನೆಟ್ಟರು, ಕಂದಾಯ ಹಾಕಿದರು.”

ಅದನ್ನು ಮೈಥಿಲಿ ಇಂಗ್ಲಿಷಿನಲ್ಲಿ ತಿಳಿಸಿದಾಗ ಎಟ್ಟಾ ತಲೆಯಾಡಿಸಿದರು. ಅವರು ಒಂದು ಕಡೆ ನಿಲ್ಲದೆ ದಂಡೆಯ ಮೇಲೆ ಅತ್ತಿಂದಿತ್ತ ನಡೆಯುತ್ತಲೇ ಮಾತಾಡಿದರು.

“1761ರಲ್ಲಿ ಇಂಗ್ಲಿಷರ ಸೈನ್ಯ ಬಂದು ನಮ್ಮ ಊರುಗಳನ್ನೂ ಜೋಳದ ಹೊಲಗಳನ್ನೂ ಸುಟ್ಟಿತು. ಮತ್ತೆ ಕಟ್ಟಿಕೊಂಡೆವು. 1819ರಲ್ಲಿ ಒಪ್ಪಂದದ ಕಾಗದ ಬಂತು, ಮರುವರ್ಷ ಈ ಸರ್ವೇಯರ್ ಬಂದ. 1838ರಲ್ಲಿ ಸಿಪಾಯಿಗಳು ಬಂದರು. ಊಟದ ತಟ್ಟೆಯ ಮುಂದಿನಿಂದ ಜನರನ್ನು ಎಬ್ಬಿಸಿ, ಬೇಲಿಯೊಳಗೆ ಕೂಡಿ, ಪಶ್ಚಿಮಕ್ಕೆ ನಡೆಸಿದರು. ದಾರಿಯಲ್ಲಿ ಸತ್ತವರು ಸಾವಿರಾರು. ನನ್ನ ಮುತ್ತಜ್ಜಿಯ ಅಮ್ಮ ಹೋಗುವುದಿಲ್ಲ ಎಂದಳು. ಹದಿಮೂರು ಜನರನ್ನು ಕಟ್ಟಿಕೊಂಡು ಈ ಕಣಿವೆಯಲ್ಲಿ ಅಡಗಿದಳು. ಆ ಚಳಿಗಾಲ ಬೇರು, ತೊಗಟೆ ತಿಂದರು. ವಸಂತ ಬಂದಾಗ ಉಳಿದವರು ಮೂವರು. ಸತ್ತವರನ್ನೆಲ್ಲ ಹಳೆಯ ಸಮಾಧಿಗಳ ಪಕ್ಕದಲ್ಲೇ ಮಲಗಿಸಿದರು.”

ಹರಿ ಕೈಯಲ್ಲಿದ್ದ ಕಲ್ಲನ್ನು ಎಸೆಯದೆ ಕೆಳಗಿಟ್ಟ.

“ಎಲ್ಲೋ ಇದ್ದಾರೆ,” ಎಂದು ಎಟ್ಟಾ ಮತ್ತೆ ನಡೆಯತೊಡಗಿದರು.

ಭಾನುವಾರ ಬೆಳಗಾಗುವಾಗ ಹೊಳೆಯ ಬಣ್ಣವೇ ಬದಲಾಗಿತ್ತು. ಮೇಲೆಲ್ಲೋ ಮಳೆಯಾಗಿ ಕಂದು ನೀರು ದಂಡೆಯ ಬೇರುಗಳನ್ನು ನೆಕ್ಕುತ್ತಿತ್ತು. ಬಸಲಿಂಗಪ್ಪ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಎದ್ದಾಗ ಎಟ್ಟಾ ಅವರ ಡೇರೆ ಖಾಲಿ.

“ಎಟ್ಟಾ!” ಮೈಥಿಲಿ ಕೂಗಿದಳು.

ಮಣ್ಣಿನಲ್ಲಿ ಬೂಟಿನ ಗುರುತು ಮೇಲಕ್ಕೆ ಹೋಗಿತ್ತು. ಎಡದಂಡೆಯಲ್ಲೇ.

“ನಮ್ಮ ಎಂಬತ್ತು ದಾಟಿ ಹೋಗ್ಯಾರ,” ಎಂದರು ಬಸಲಿಂಗಪ್ಪ. ದೊಡ್ಡ ಚೀಲ, ಡೇರೆ ಎಲ್ಲ ಅಲ್ಲೇ ಬಿಟ್ಟರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕ್ಯಾಮೆರಾ, ಕಾಗದ, ರೊಟ್ಟಿ, ಒಂದು ನೈಲಾನ್ ಹಗ್ಗ, ಇಷ್ಟನ್ನು ಮೈಥಿಲಿ ಸಣ್ಣ ಬೆನ್ನುಚೀಲಕ್ಕೆ ತುರುಕಿಕೊಂಡಳು. ಸರಪಳಿ ಬಸಲಿಂಗಪ್ಪನವರ ಹೆಗಲಿಗೇರಿತು. ಮೂವರೂ ಓಡುನಡಿಗೆಯಲ್ಲಿ ಹೊರಟರು.

ಕಣಿವೆ ಕಿರಿದಾಗುತ್ತ ಹೋಯಿತು. ಒಂದು ಗಂಟೆ ತೆವಳಿ, ಹತ್ತಿ, ಜಾರಿ, ತಿರುವು ಕಳೆದರೆ ಎದುರಿಗೆ ಎರಡು ಕರಿಬಂಡೆಗಳು. ಅವುಗಳ ನಡುವೆ ಹೊಳೆ ಬೋರ್ಗರೆಯುತ್ತಿತ್ತು. ಅಡ್ಡಕ್ಕೆ ಒಂದು ಬಿದ್ದ ಮರ. ಆಚೆ ಬಂಡೆಯ ಮೇಲೆ ಎಟ್ಟಾ ನಿಂತು ಕೈಬೀಸುತ್ತಿದ್ದರು.

“ನಾನು ದಾಟುವಾಗ ನೀರು ಕಡಿಮೆಯಿತ್ತು!” ಎಂದು ಕೂಗಿದರು. “ಬೇಗ ಬನ್ನಿ, ಮರ ಅಲ್ಲಾಡುತ್ತಿದೆ!”

“ನಾನು ಫಸ್ಟ್ ಹೋಗ್ತೀನಿ,” ಎಂದ ಹರಿ.

ಬಸಲಿಂಗಪ್ಪ ಸರಪಳಿ ಬಿಚ್ಚಿ ಒಂದು ಹಿಡಿಯನ್ನು ಅವನ ಕೈಗೆ ಕೊಟ್ಟರು. ಇನ್ನೊಂದನ್ನು ತಮ್ಮ ಕೈಗೆ ಸಿಕ್ಕಿಸಿಕೊಂಡರು. “ಬಿಡಬ್ಯಾಡ.”

ಹರಿ ಹೆಜ್ಜೆಯಿಟ್ಟ. ಎರಡು. ಮೂರು. ಮರದ ನಡುವಿಗೆ ಬಂದ.

ಮರ ಹೊರಳಿತು.

ಕೂಗಲೂ ಸಮಯ ಸಿಗಲಿಲ್ಲ. ಹರಿ ನೀರಿಗೆ ಬಿದ್ದ. ಮರ ಬಂಡೆಗೆ ಬಡಿದು ಕೊಚ್ಚಿಕೊಂಡು ಹೋಯಿತು. ಸರಪಳಿ ಝಲ್ಲೆಂದು ಓಡಿ ಬಿಗಿಯಾಯಿತು. ಬಸಲಿಂಗಪ್ಪ ಮುಗ್ಗರಿಸಿ ಎರಡೂ ಪಾದವನ್ನು ಬಂಡೆಯ ಸೀಳಿಗೆ ಒತ್ತಿದರು. ಮೈಥಿಲಿ ಅವರ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದಳು.

“ಹಿಡಿ ಬಿಡಬ್ಯಾಡೋ!”

ನೀರಿನಿಂದ ಒಂದು ಕೈ ಎದ್ದಿತು. ಹಿತ್ತಾಳೆಯ ಹಿಡಿ ಅದರಲ್ಲಿತ್ತು. ಹೊಳೆ ಅವನನ್ನು ಆಚೆ ಬಂಡೆಯ ಕಡೆಗೇ ನೂಕಿತು. ಎಟ್ಟಾ ಹೊಟ್ಟೆಯ ಮೇಲೆ ಮಲಗಿ ಅವನ ಕಾಲರ್ ಹಿಡಿದರು. ಎಳೆದರು. ಇನ್ನೊಮ್ಮೆ ಎಳೆದರು. ಹರಿ ಬಂಡೆಯ ಮೇಲೆ ಬಿದ್ದು ಕೆಮ್ಮಿದ.

“ಹರೀ! ಏನಾಯ್ತೋ? ಮಾತಾಡೋ!” ಮೈಥಿಲಿ ಈಚೆಯಿಂದ ಕೂಗಿದಳು.

“ಮೊಣಕಾಲು ಹೋಯ್ತು ಅಕ್ಕ… ಲೆಕ್ಕ ಹೋಗ್ಲಿಲ್ಲ!”

ಅವನು ಹಿಡಿಯನ್ನು ಬಂಡೆಯ ಅಂಚಿಗೆ ಒತ್ತಿ ತೋರಿಸಿದ. ಬಸಲಿಂಗಪ್ಪನವರ ಕೈಯಲ್ಲಿದ್ದ ಹಿಡಿಯೂ ಈಚೆ ಬಂಡೆಯ ಅಂಚಿನಲ್ಲೇ ಇತ್ತು. ಬಂಡೆಯಿಂದ ಬಂಡೆಗೆ ಸರಪಳಿ ನೆಟ್ಟಗೆ ನಿಂತಿತ್ತು. ಒಂದು ಆಣೆ ಹೆಚ್ಚಿಲ್ಲ, ಒಂದು ಆಣೆ ಕಡಿಮೆಯಿಲ್ಲ.

ಬಸಲಿಂಗಪ್ಪ ಅದನ್ನೇ ನೋಡುತ್ತ ನಿಂತುಬಿಟ್ಟರು.

“ಅಂಕಲ್?”

“ಹೊಳಿ ಅಗಲ ಎಷ್ಟಂತ ಬರದಾನ?”

“ಅರ್ಧ ಸರಪಳಿ.”

“ಇಲ್ಲಿ ಪೂರಾ ಒಂದು ಐತಿ. ಈ ಬಂಡಿ ಸರದಿಲ್ಲ, ಸವದಿಲ್ಲ.” ಅವರು ಹಣೆಗೆ ಕೈ ಬಡಿದುಕೊಂಡರು. “ಅವನ ಸರಪಳಿ ನನ್ನದರ ಎರಡು ಪಟ್ಟು! ನಮ್ಮದು ಮೂವತ್ಮೂರು ಅಡಿ, ಹದಿನಾರು ಆಣೆ, ಗುಂಟೆ ಲೆಕ್ಕಕ್ಕ ಮಾಡಿದ್ದು. ಅವರದು ಅರವತ್ತಾರು. ಎಂಬತ್ತು ಸರಪಳಿಗೆ ಒಂದು ಮೈಲಿ ಅಂತ ಸಾಲಿಯೊಳಗ ಬಾಯಿಪಾಠ ಮಾಡಿಸಿದ್ರವ್ವಾ. ಹಾಡಿದಂಗ ಹೇಳತಿದ್ದೆ. ನಿನ್ನೆ ಅರ್ಧ ಮೈಲಿ ನಡದು, ಮೈಲಿ ಮುಗೀತು ಅಂತ ಕುಂತೆ!”

ಆಚೆ ದಂಡೆಯಿಂದ ಹರಿ ಕೂಗಿದ. “ಅಂಕಲ್, ದಿನಾ ಇಂಥದ್ದೇ ಮಿಸ್ಟೇಕ್ ಹುಡುಕೋದು ನನ್ ಕೆಲಸ! ಇಲ್ಲಿ ಅದನ್ನ ಕೈಯಲ್ಲೇ ಹಿಡ್ಕೊಂಡು ಓಡಾಡಿದೀನಿ!”

“ಹಂಗಾದ್ರ ಇಲ್ಲಿಂದ ಅವನ ಇಪ್ಪತ್ತು,” ಎಂದರು ಬಸಲಿಂಗಪ್ಪ. “ನಮ್ಮ ನಲವತ್ತು. ನಡೀರಿ.”

ಎಟ್ಟಾ ಆಚೆಯ ಹಿಡಿಯನ್ನು ಬಂಡೆಯಂಚಿನ ಹೆಮ್ಲಾಕ್ ಮರದ ಬೇರಿಗೆ ಸಿಕ್ಕಿಸಿದರು. ಈಚೆಯದನ್ನು ಬಸಲಿಂಗಪ್ಪ ಒಂದು ಗಟ್ಟಿ ಪೊದೆಯ ಬುಡಕ್ಕೆ ಬಿಗಿದರು. ಮೊದಲು ಮೈಥಿಲಿ, ಆಮೇಲೆ ಅವರು, ಎದೆಮಟ್ಟದ ನೀರಿನಲ್ಲಿ ಸರಪಳಿಗೆ ಜೋತು ದಾಟಿದರು. ಮರಳುವ ದಾರಿಯೂ ಅದೊಂದೇ. ಹಾಗಾಗಿ ಅದನ್ನು ಅಲ್ಲೇ ಬಿಟ್ಟು, ಮೈಥಿಲಿಯ ನೈಲಾನ್ ಹಗ್ಗಕ್ಕೆ ಗೇಣುಹಾಕಿ, ಒಂದು ಸರಪಳಿಯುದ್ದಕ್ಕೆ ಗಂಟು ಕಟ್ಟಿಕೊಂಡು, ಅದರಿಂದ ಅಳೆಯುತ್ತ ನಡೆದರು. ಹರಿ ಕೋಲೂರಿ ಕುಂಟುತ್ತ ಬಂದ.

ಮೂವತ್ತೆಂಟು. ಮೂವತ್ತೊಂಬತ್ತು.

ನಲವತ್ತಕ್ಕೆ ಪೊದೆಗಳು ತಾವಾಗಿ ತೆರೆದುಕೊಂಡವು. ಬೆಟ್ಟದ ಮಡಿಲಿನಲ್ಲಿ ಒಂದು ಸಣ್ಣ ಬಯಲು. ಅದರ ಅಂಚಿನಲ್ಲಿ ಮೊಣಕಾಲೆತ್ತರದ ಕಲ್ಲು ಒಂದು ಕಡೆ ವಾಲಿ ನಿಂತಿತ್ತು. ಬಸಲಿಂಗಪ್ಪ ಪಾಚಿಯ ಮೇಲೆ ಬೆರಳಾಡಿಸಿದರು. ಅಡ್ಡ ಒಂದು ಗೀರು, ಉದ್ದ ಒಂದು ಗೀರು.

“ಐತಿ,” ಎಂದರು.

ಅದರಾಚೆ, ಎಲೆಗಳ ಕೆಳಗೆ, ಸಾಲಾಗಿ ಜೋಡಿಸಿದ ಹೊಳೆಗಲ್ಲುಗಳ ದಿಬ್ಬಗಳು. ಕೆಲವು ಉದ್ದ, ಕೆಲವು ತೀರ ಗಿಡ್ಡ. ಮೈಥಿಲಿ ಎಣಿಸಿದಳು. ಹದಿನಾರು. ಸರ್ವೇಯರ್ ಕಂಡಿದ್ದು ಐದು. ಆ ಚಳಿಗಾಲದವು ಹನ್ನೊಂದು.

ಬಸಲಿಂಗಪ್ಪ ಬೂಟು ಕಳಚಿ ಬದಿಗಿಟ್ಟರು. ಹರಿ, ಮೈಥಿಲಿಯೂ ಕಳಚಿದರು. ಎಟ್ಟಾ ಅದನ್ನು ನೋಡಿದರು. ಎಲ್ಲಕ್ಕಿಂತ ಗಿಡ್ಡ ದಿಬ್ಬದ ಪಕ್ಕ ಕೂತು ತಮ್ಮ ನುಡಿಯಲ್ಲಿ ಮೆಲ್ಲಗೆ ಮಾತಾಡತೊಡಗಿದರು. ಯಾರೂ ಅರ್ಥ ಕೇಳಲಿಲ್ಲ. ನಿನ್ನೆಯಿಂದ ಅವರು ಒಂದೇ ಕಡೆ ಕೂತದ್ದು ಇದೇ ಮೊದಲು.

ಗಂಟೆ ಒಂದೂವರೆ. ಬಸಲಿಂಗಪ್ಪ ನಕ್ಷೆ ಬರೆದರು, ಮೈಥಿಲಿ ಫೋಟೋ ತೆಗೆದು, ನಕ್ಷೆಯನ್ನು ಹಳೆಯ ಪುಟದ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿದಳು. ಎರಡಕ್ಕೆ ಹೊರಟರು.

ಬಂಡೆಗಳ ಬಳಿ ನೀರು ಇನ್ನೂ ಏರಿತ್ತು. ಸರಪಳಿಯ ನಡುಭಾಗ ಮುಳುಗಿ ನಡುಗುತ್ತಿತ್ತು. ಹರಿಯನ್ನು ನಡುವೆ ಹಾಕಿಕೊಂಡು ಒಬ್ಬೊಬ್ಬರಾಗಿ ದಾಟಿದರು. ಕೊನೆಗೆ ಬಂದ ಬಸಲಿಂಗಪ್ಪ ಈಚೆ ಬಂಡೆ ಹತ್ತಿ ತಿರುಗಿ ನೋಡಿದರು.

“ಅಂಕಲ್, ಚೈನ್?” ಎಂದಳು ಮೈಥಿಲಿ. “ಆ ಕಡೆ ತುದಿ ಬಿಚ್ಚೋರು ಯಾರು?”

“ನಾನು ಹೋಗ್ತೀನಿ,” ಎಂದು ಹರಿ ಕುಂಟು ಕಾಲಲ್ಲೇ ಎದ್ದ.

“ಕುಂದರು ತಮ್ಮಾ. ಒಮ್ಮೆ ಹೋಗಿದ್ದಿ, ಸಾಕು.” ಬಸಲಿಂಗಪ್ಪ ಬಗ್ಗಿ ಹಿತ್ತಾಳೆಯ ಹಿಡಿಗೆ ಹಣೆ ಮುಟ್ಟಿಸಿದರು. ಒದ್ದೆ ಹಿತ್ತಾಳೆಗೆ ವಿಭೂತಿಯ ಗುರುತು ಹತ್ತಿತು. “ಅಪ್ಪನ ಅಳತಿ ಇಲ್ಲಿಗೆ ಮುಗೀತು.”

ಆಮೇಲಿನದು ಬರೀ ಓಟ. ನಿನ್ನೆ ದಿನವೆಲ್ಲ ತೆವಳಿದ ಪೊದೆಗಳಲ್ಲಿ ತಾವೇ ಸವರಿದ ಸುರಂಗ ಹಿಡಿದು ನುಗ್ಗಿದರು. ಡೇರೆಗಳ ಕಡೆ ಯಾರೂ ನೋಡಲಿಲ್ಲ. ಹರಿಯನ್ನು ಎರಡೂ ಕಡೆ ಹೆಗಲು ಕೊಟ್ಟು ಎಳೆದರು. ಅಂಗಿ ಹರಿಯಿತು, ಮೈಥಿಲಿಯ ಕನ್ನಡಕದ ಒಂದು ಗಾಜು ಎಲ್ಲೋ ಬಿದ್ದಿತು. ಪ್ಲಾಸ್ಟಿಕ್ ಚೀಲ ಮಾತ್ರ ಅವಳ ಹಲ್ಲುಗಳ ನಡುವೆ ಭದ್ರವಾಗಿತ್ತು.

ಕವಲುಬಂಡೆ ಕಂಡಾಗ ನಾಲ್ಕೂ ಐವತ್ತೆರಡು.

ಅಲ್ಲೇ ಕೆಳಗಿನ ಸೇತುವೆಯ ಬಳಿ ಎರಡು ಗಾಡಿ. ಒಂದಕ್ಕೆ ಡೆಪ್ಯುಟಿ ಒರಗಿ ನಿಂತಿದ್ದ. ಇನ್ನೊಂದರ ಬಳಿ ಮರದ ಕಂಪನಿಯ ಮ್ಯಾನೇಜರ್, ಮಣ್ಣು ಕಾಣದ ಬೂಟು ಹಾಕಿಕೊಂಡು.

ಡೆಪ್ಯುಟಿ ನಕ್ಷೆಯನ್ನು ಬಾನೆಟ್ಟಿನ ಮೇಲೆ ಹರಡಿ ಓದಿದ. ನಾಲ್ವರ ಮುಖಗಳನ್ನು ನೋಡಿದ. “ಒಂದು ಮೈಲಿ ಮೇಲೆ, ಬಲದಂಡೆ?”

“ಎಂಬತ್ತು ಸರಪಳಿ,” ಎಂದರು ಬಸಲಿಂಗಪ್ಪ ಇಂಗ್ಲಿಷಿನಲ್ಲಿ. “ನಿಮ್ಮ ಸರಪಳಿ.”

ಡೆಪ್ಯುಟಿ ರೇಡಿಯೋ ಎತ್ತಿಕೊಂಡು ನಾಳೆ ಯಂತ್ರಗಳು ಏರಕೂಡದೆಂದು ಹೇಳಿದ. ಹರಿ ರಸ್ತೆಯ ಮೇಲೆಯೇ ಅಂಗಾತ ಮಲಗಿಬಿಟ್ಟ. ಮೈಥಿಲಿ ಬಾಯಿಂದ ಚೀಲ ತೆಗೆದು, ನಗಬೇಕೋ ಅಳಬೇಕೋ ತಿಳಿಯದೆ, ಉಳಿದಿದ್ದ ಒಂದು ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚಿದಳು.

ಮ್ಯಾನೇಜರ್ ಟೋಪಿ ತೆಗೆದು ಎಟ್ಟಾ ಅವರ ಹತ್ತಿರ ಬಂದ. ಒರಟನಲ್ಲ, ಮಾತು ಮೃದುವಾಗಿತ್ತು.

“ಮೇಡಂ, ಪೇಟೆಯ ಚರ್ಚಿನ ಪಕ್ಕ ಹುಲ್ಲುಹಾಸಿನ ಒಳ್ಳೆಯ ಜಾಗವಿದೆ. ಎಲ್ಲ ಖರ್ಚೂ ನಮ್ಮದು. ಪ್ರತಿಯೊಬ್ಬರಿಗೂ ಒಂದು ಕಲ್ಲು ಹಾಕಿಸುತ್ತೇವೆ, ಪೂರ್ತಿ ಮರ್ಯಾದೆಯಿಂದ. ಅವರನ್ನು ಅಲ್ಲಿಗೆ ಸಾಗಿಸಲು ನೀವು ಒಪ್ಪಬೇಕು. ಅಷ್ಟೇ ನನ್ನ ಕೋರಿಕೆ.”

ಎಟ್ಟಾ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನಿಧಾನವಾಗಿ ಅಗಿದು ಮುಗಿಸಿದರು. ಕತ್ತಲಾಗುತ್ತಿದ್ದ ಕಣಿವೆಯ ಕಡೆ ಒಮ್ಮೆ ನೋಡಿದರು.

“ಇಲ್ಲ,” ಎಂದರು. “ಅವರು ಎಲ್ಲಿಗೂ ಬರುವುದಿಲ್ಲ.”